ಸಂತೆಯಲ್ಲಿ ಕೂರಲು ಯಾರ ಅಪ್ಪಣೆ?

ಗಡಹಿಂಗ್ಲಜದ ರವಿವಾರದ ಬಾಜಾರಿನಲ್ಲಾಗಲಿ, ನಮ್ಮ ನೇಸರಿಯ ವಾರದ ಬಾಜಾರಿನಲ್ಲಾಗಲಿ, ಗೋಣಿತಾಟು ಹಾಸಿ ಕೂತವರನ್ನು ‘ಇದು ನಿನ್ನ ಹೊಲದ್ದೇನು?’ ಎಂದು ಯಾರೂ ಕೇಳುವುದಿಲ್ಲ. ಪಾವತಿ ಹರಿಯುವವನು ಬರುತ್ತಾನೆ, ಜಾಗದ ದುಡ್ಡು ಇಸಿದುಕೊಂಡು ಮುಂದಿನ ಬುಟ್ಟಿಗೆ ಹೋಗುತ್ತಾನೆ. ಯಾರು ಎಲ್ಲಿ ಕೂರಬೇಕೆಂಬುದು ರೂಢಿಗೆ ಬಿಟ್ಟದ್ದು. ನಮ್ಮ ಅಜ್ಜಿಯ ಜಾಗದಲ್ಲಿ ಹೊಸಬರು ಬುಟ್ಟಿ ಇಳಿಸಿದರೆ ಪಕ್ಕದವಳೇ ಗದರುತ್ತಿದ್ದಳು: ‘ಏ ಯವ್ವಾ, ಅದು ನಮ್ಮ ಮುದುಕಿ ಜಾಗಾ ಐತಿ, ಅತ್ತಾಗ ಸರಿ.’ ಅಜ್ಜಿ ಬಾರದ ವಾರವೂ ಆ ಜಾಗ ಖಾಲಿ ಉಳಿಯುತ್ತಿತ್ತು ಎಂದರೆ ನಂಬಬೇಡಿ. ಹೊತ್ತೇರಿದ ಮೇಲೆ ಯಾರಾದರೊಬ್ಬರು ನುಗ್ಗೇ ನುಗ್ಗುತ್ತಿದ್ದರು.

ಹಾಗೆಂದು ಹಳೆಯ ಪೇಟೆ ಎಲ್ಲರಿಗೂ ಬಾಗಿಲು ತೆರೆದಿತ್ತು ಎಂದು ಹೊಗಳಲಾರೆ. ಕೊಲ್ಹಾಪುರದಲ್ಲಿ ಗಂಗಾರಾಮ ಕಾಂಬಳೆಯವರಿಗೆ ಚಹಾದ ಹೋಟೆಲ್ ಹಾಕಲು ನೆರವಾದವರು ಅಲ್ಲಿನ ಅರಸ ಶಾಹೂ ಮಹಾರಾಜರು. ದಲಿತರ ಕೈಯ ಚಹಾ ಎಂದು ಜನ ಹಿಂಜರಿದಾಗ ಮಹಾರಾಜರು ತಾವೇ ಅಲ್ಲಿಗೆ ಹೋಗಿ ಕುಡಿದರು, ಜತೆಗಿದ್ದವರಿಗೂ ಕುಡಿಸಿದರು. ಮಾರುವ ಹಕ್ಕನ್ನು ಕೊಳ್ಳುವವರ ಜಾತಿ ಅಳೆಯುತ್ತಿದ್ದ ಕಾಲ.

ಸರಕಾರ ಕಾನೂನು ತಂದಾಗ ಮೊದಲು ಆರಿಸಿದ್ದು ರೈತನನ್ನಲ್ಲ, ಕೊಳ್ಳುವವನನ್ನು. ಅದಕ್ಕೆ ಕಾರಣವಿತ್ತು. ಅಡತಿಯ ಮುಂದೆ ಮೆಣಸಿನಕಾಯಿ ರಾಶಿ ಸುರಿದಿರುತ್ತಿತ್ತು. ದಲಾಲ, ಖರೀದಿದಾರ ಇಬ್ಬರೂ ಒಂದು ಟವೆಲ್ಲಿನ ಅಡಿಯಲ್ಲಿ ಕೈ ಸೇರಿಸಿ, ಬೆರಳು ಒತ್ತಿ ದರ ಆಡುತ್ತಿದ್ದರು. ರಾಶಿಯ ಒಡೆಯ ಎದುರಿಗೇ ನಿಂತಿದ್ದರೂ ಟವೆಲ್ಲಿನ ಮೇಲಿನ ಗೆರೆ ಕಾಣುತ್ತಿತ್ತೇ ಹೊರತು ದರ ಕಾಣುತ್ತಿರಲಿಲ್ಲ. ಇದಕ್ಕೆ ‘ಹತ್ತಾ’ ಎನ್ನುತ್ತಿದ್ದರು. ಮುಂಬಯಿ ಪ್ರಾಂತದ 1939ರ ಕಾಯ್ದೆ, ಆಮೇಲೆ ಮಹಾರಾಷ್ಟ್ರದ 1963ರ ಕಾಯ್ದೆಯಿಂದ ಬಾಜಾರ ಸಮಿತಿಗಳು ನಡೆದವು. ವ್ಯಾಪಾರಿ, ಅಡತಿ, ತೂಕದವ, ಹಮಾಲ ಎಲ್ಲರಿಗೂ ಲೈಸೆನ್ಸ್ ಬಂತು. ಲಿಲಾವು ಎಲ್ಲರಿಗೂ ಕೇಳುವಂತೆ ಕೂಗಬೇಕಾಯಿತು. ಮಾಲು ತಂದ ರೈತನಿಗೆ ಮಾತ್ರ ಲೈಸೆನ್ಸ್ ಬೇಕಿರಲಿಲ್ಲ.

ರೈತನನ್ನೇ ಆರಿಸುವ ಪದ್ಧತಿ ಬಹಳ ತಡವಾಗಿ ಬಂತು, ಅದೂ ಬೇರೆ ಕಡೆಯಿಂದ. 1987ರಲ್ಲಿ ಪಂಜಾಬಿನ ‘ಅಪ್ನೀ ಮಂಡಿ’, 1999ರಲ್ಲಿ ಆಂಧ್ರದ ‘ರೈತು ಬಜಾರ್’, ಅದೇ ವರ್ಷ ಮಧುರೈಯಲ್ಲಿ ಶುರುವಾದ ‘ಉಳವರ್ ಸಂದೈ’. ರೈತ ನೇರವಾಗಿ ಮಾರುವ ಇಂಥ ಪೇಟೆಗಳಲ್ಲಿ ದಲಾಲನನ್ನು ಹೊರಗಿಟ್ಟ ಕೂಡಲೇ ದಲಾಲನೇ ಧೋತರ ಉಟ್ಟು ರೈತನಾಗಿ ಬಂದು ಕೂರುತ್ತಾನೆ. ಈ ಭಯಕ್ಕೆ ಫೋಟೊ ಇರುವ ಗುರುತಿನ ಚೀಟಿ ಹುಟ್ಟಿತು. ಆಂಧ್ರದಲ್ಲಿ ಕಂದಾಯ, ತೋಟಗಾರಿಕೆ ಇಲಾಖೆಯವರು ಹಳ್ಳಿಗೆ ಹೋಗಿ, ಬೆಳೆ ನೋಡಿ, ಹೆಸರು ಬರೆದುಕೊಳ್ಳುತ್ತಿದ್ದರು.

ಮಹಾರಾಷ್ಟ್ರದಲ್ಲಿ 2016ರಲ್ಲಿ ಹಣ್ಣು, ಕಾಯಿಪಲ್ಲೆಗಳನ್ನು ಸಮಿತಿಯ ಹಿಡಿತದಿಂದ ಬಿಡಿಸಿದರು. ಶಹರಗಳಲ್ಲಿ ಶೇತಕರಿ ಬಾಜಾರಗಳು, ಎಂದರೆ ರೈತರ ಬಾಜಾರಗಳು, ಎದ್ದವು. ನಮ್ಮ ಕಡೆಯಲ್ಲೂ ಹಾಗೇ ರೈತರನ್ನು ಆರಿಸಬೇಕೆಂದು ಕಿರಿಯರು ಹೇಳುತ್ತಾರೆ. ಒಳ್ಳೆಯದು. ಆದರೆ ಆರಿಸುವವರು ಮೊದಲು ಕೈಚಾಚುವುದು ಜಮೀನು ಯಾರದೆಂದು ಹೇಳುವ ಸಾತ್‌ಬಾರಾ ಉತಾರೆಗೆ, ನನ್ನ ತಕರಾರು ಇರುವುದು ಅಲ್ಲೇ. ನಮ್ಮೂರ ಬಾಜಾರಿನಲ್ಲಿ ಸೊಪ್ಪು ಮಾರುವವರಲ್ಲಿ ಹೆಂಗಸರೇ ಹೆಚ್ಚು, ಉತಾರೆಯಲ್ಲಿ ಹೆಸರಿರುವುದು ಗಂಡನದೋ ಮಾವನದೋ. ಶರದ ಜೋಶಿಯವರ ಶೇತಕರಿ ಸಂಘಟನೆ 1990ರ ಸುಮಾರಿಗೆ ‘ಲಕ್ಷ್ಮೀಮುಕ್ತಿ’ ನಡೆಸಿ ಹೆಂಡತಿಯರ ಹೆಸರಿಗೆ ಜಮೀನು ಮಾಡಿಸಿದ್ದು ಈ ಕೊರತೆ ಕಂಡೇ. ಪಾಲಿಗೆ ಮಾಡುವವರಿಗೂ ಉತಾರೆ ಎಲ್ಲಿಂದ ಬರಬೇಕು?

ನನ್ನ ಕೈಗೆ ಆ ಕೆಲಸ ಕೊಟ್ಟರೆ ಕಾಗದ ಬದಿಗಿಟ್ಟು ಆಂಧ್ರದವರಂತೆ ಹೊಲಕ್ಕೇ ಹೋಗಿ ಎಂದೇನು. ಮೆಣಸಿನ ಸಸಿ ಹಚ್ಚಿದವರು ಯಾರು ಎಂದು ಬದುವಿನಾಚೆಯವರನ್ನು ಕೇಳಿದರೆ ಸಾಕು, ನಿಂತಲ್ಲೇ ಹೇಳುತ್ತಾರೆ.