ಪಾಪದ ಹುಡುಗರ ಬ್ರೆಡ್ಡು

ನಮ್ಮ ಕಡೆ ಬ್ರೆಡ್ ಅಂದ್ರೆ ಜ್ವರ ಬಂದವರ ಊಟ. ಹಾಲಿನಲ್ಲಿ ಅದ್ದಿಕೊಂಡು ತಿಂದು ಹೊದ್ದು ಮಲಗೋದು, ಅಷ್ಟೇ. ಅದಕ್ಕೇ ಇರಬೇಕು, ಒಂದು ಮುಷ್ಕರದಿಂದಾಗಿ ಒಂದು ಊರಿನ ಬ್ರೆಡ್ಡಿನ ಆಕಾರವೇ ಬದಲಾಯ್ತು ಅಂತ ಓದಿದಾಗ ನನಗೆ ತಡೆಯಲಾರದ ಕುತೂಹಲ.

ಊರು ಅಮೆರಿಕದ ನ್ಯೂ ಆರ್ಲಿಯನ್ಸ್. ಬೆನ್ನಿ ಮತ್ತು ಕ್ಲೋವಿಸ್ ಮಾರ್ಟಿನ್ ಅನ್ನೋ ಅಣ್ಣತಮ್ಮಂದಿರು ಅಲ್ಲಿ ಟ್ರಾಮ್ ಕಂಡಕ್ಟರ್‌ಗಳಾಗಿದ್ದವರು. ಆ ಕೆಲಸ ಬಿಟ್ಟು 1922ರಲ್ಲಿ ಫ್ರೆಂಚ್ ಮಾರ್ಕೆಟ್ಟಿನಲ್ಲಿ ಒಂದು ಕಾಫಿ ಅಂಗಡಿ ಹಾಕಿದರು. ಊಟ-ತಿಂಡಿಯೂ ಸಿಗುತ್ತಿತ್ತು.

1929ರ ಜುಲೈ 1ರಂದು ಟ್ರಾಮ್ ನೌಕರರು ಮುಷ್ಕರ ಹೂಡಿದರು. ಸಾವಿರಕ್ಕೂ ಹೆಚ್ಚು ಮಂದಿ. ಕಂಪನಿ ಹೊರಗಿನಿಂದ ಬದಲಿ ಕೆಲಸಗಾರರನ್ನು ಕರೆಸಿತು. ಜುಲೈ 5ರಂದು ಅವರು ಹೊರಡಿಸಿದ ಟ್ರಾಮಿಗೆ ಕೆನಾಲ್ ಸ್ಟ್ರೀಟಿನಲ್ಲಿ ಸಾವಿರಾರು ಜನರ ಎದುರೇ ಬೆಂಕಿ ಬಿತ್ತು. ಊರಿನ ಜನರೂ ಬಹಳಷ್ಟು ಮಂದಿ ಟ್ರಾಮ್ ಹತ್ತೋದನ್ನೇ ಬಿಟ್ಟರು.

ಆದ್ರೆ ತಿಂಗಳ ಸಂಬಳ ನಿಂತ ಮೇಲೆ ಮನೆಯಲ್ಲಿ ಒಲೆ ಉರಿಯಬೇಕಲ್ಲ? ಮಾರ್ಟಿನ್ ಸೋದರರು ಹಳೇ ಗೆಳೆಯರನ್ನು ಮರೆತಿರಲಿಲ್ಲ. ಸಂಘದ 194ನೇ ವಿಭಾಗದ ಸದಸ್ಯರಿಗೆ ನಮ್ಮಲ್ಲಿ ಊಟ ಉಚಿತ ಅಂತ ಬರೆದುಕೊಟ್ಟರು. ಆ ಪತ್ರದ ತಾರೀಖು 1929ರ ಆಗಸ್ಟ್ 6. ಮುಷ್ಕರ ಶುರುವಾಗಿ ಆಗಲೇ ಒಂದು ತಿಂಗಳು ದಾಟಿತ್ತು. ಮೊದಲ ದಿನದ ಉತ್ಸಾಹ ಎಲ್ಲರಿಗೂ ಇರುತ್ತೆ, ಆದರೆ ಎರಡನೇ ತಿಂಗಳಲ್ಲೂ ಊಟ ಹಾಕ್ತೀವಿ ಅನ್ನೋಕೆ ಬೇರೆಯೇ ಎದೆ ಬೇಕು.

ಈಗ ಬ್ರೆಡ್ಡಿನ ವಿಷಯಕ್ಕೆ ಬರೋಣ. ಆ ಊರಿನ ಫ್ರೆಂಚ್ ಬ್ರೆಡ್ಡು ಎರಡೂ ತುದಿಗಳಲ್ಲಿ ಚೂಪು. ಸ್ಯಾಂಡ್‌ವಿಚ್ ಮಾಡಲು ಹೋದರೆ ತುದಿಗಳು ದಂಡ. ಮಧ್ಯದ ತುಂಡು ಸಿಕ್ಕವನಿಗೆ ಜಾಸ್ತಿ, ತುದಿ ಸಿಕ್ಕವನಿಗೆ ಕಮ್ಮಿ. ಜಾನ್ ಜೆಂಡೂಸಾ ಅನ್ನೋ ಇಟಲಿ ಮೂಲದ ಬೇಕರಿಯವರ ಜೊತೆ ಸೇರಿ ಮಾರ್ಟಿನ್ನರು ಉದ್ದಕ್ಕೂ ಒಂದೇ ಅಗಲದ ಬ್ರೆಡ್ ಮಾಡಿಸಿದರು. ಉದ್ದ 40 ಇಂಚು! ಅರ್ಧ ಮಾಡಿ, ಕಾಲು ಮಾಡಿ, ಎಲ್ಲರ ಪಾಲೂ ಸಮ. ಇಂಜಿನಿಯರಿಂಗ್ ಓದಿದವನಿಗೆ ಇದು ನೋಡಿದ ಕೂಡಲೇ ಇಷ್ಟವಾಗೋ ಡಿಸೈನ್ :)

ಇನ್ನು ಹೆಸರು. ಮುಷ್ಕರದವನೊಬ್ಬ ದೂರದಲ್ಲಿ ಬರೋದು ಕಂಡರೆ, ಪಾಪ, ಇನ್ನೊಬ್ಬ ಬಂದ ನೋಡು ಅನ್ನೋ ಅರ್ಥದಲ್ಲಿ 'ಪುವರ್ ಬಾಯ್' ಅಂತಿದ್ವಿ ಅಂತ ಬೆನ್ನಿ ಮಾರ್ಟಿನ್ ಆಮೇಲೆ ನೆನಪಿಸಿಕೊಂಡಿದ್ದಾರೆ. ಜನರ ಬಾಯಲ್ಲಿ ಅದು ಸವೆದು 'ಪೋ ಬಾಯ್' ಆಯ್ತು. ಬ್ರೆಡ್ಡಿನೊಳಗೆ ಸಿಂಪಿ, ಸಿಗಡಿ, ಗ್ರೇವಿ ಸುರಿದ ದನದ ಮಾಂಸ ಎಲ್ಲ ತುಂಬಿದರು. ಬರೀ ಆಲೂಗಡ್ಡೆ ಫ್ರೈ ಹಾಕಿದ್ದೂ ಇದೆ, ಆದರೆ ಅದರ ಮೇಲೂ ಅದೇ ಗ್ರೇವಿ ಬೀಳುತ್ತೆ. ನನ್ನಂಥ ಪುಳಿಚಾರಿನವರು ಹುಷಾರು!

ಮುಷ್ಕರ ಅಕ್ಟೋಬರ್ ಹೊತ್ತಿಗೆ ಮುಗಿಯಿತು. ಅದೇ ತಿಂಗಳು ಅಮೆರಿಕದ ಷೇರುಪೇಟೆ ಕುಸಿದು, ಇಡೀ ದೇಶವೇ 'ಪಾಪ' ಅನ್ನೋ ಸ್ಥಿತಿಗೆ ಬಂತು. ಕಡಿಮೆ ಕಾಸಿಗೆ ಹೊಟ್ಟೆ ತುಂಬಿಸೋ ಈ ಸ್ಯಾಂಡ್‌ವಿಚ್ ಊರೆಲ್ಲ ಹಬ್ಬಿತು.

ಹಾಗೆ ಬೆಳೆದ ಅಂಗಡಿಗಳಲ್ಲಿ ಪಾರ್ಕ್‌ವೇ ಒಂದು. 1911ರಲ್ಲಿ ಬರೀ ಬೇಕರಿಯಾಗಿ ಶುರುವಾಗಿ, 1929ರಲ್ಲಿ ಪೋ ಬಾಯ್ ಹಿಡಿಯಿತು. ಹತ್ತಿರದಲ್ಲೇ ಇದ್ದ ಡಬ್ಬಿ ಕಾರ್ಖಾನೆಯ ಕೆಲಸಗಾರರೇ ಗಿರಾಕಿಗಳು. 1978ರ ನೆರೆಯಲ್ಲಿ ಬ್ರೆಡ್ ಸುಡುವ ಸಲಕರಣೆಗಳೇ ಹಾಳಾದವು. ಕಾರ್ಖಾನೆಯೂ ಮುಚ್ಚಿತು, 1993ರಲ್ಲಿ ಅಂಗಡಿಯೂ ಬಾಗಿಲೆಳೆಯಿತು. ಹೊಸ ಮಾಲೀಕರು 2003ರಲ್ಲಿ ಮತ್ತೆ ತೆರೆದರೆ, 2005ರಲ್ಲಿ ಕತ್ರಿನಾ ಚಂಡಮಾರುತ! ಕೆಲವೇ ತಿಂಗಳಲ್ಲಿ ಮತ್ತೆ ಎದ್ದು ನಿಂತಿತು. 2010ರಲ್ಲಿ, ಕತ್ರಿನಾದ ಐದನೇ ವರ್ಷದ ದಿನ, ಅಧ್ಯಕ್ಷ ಒಬಾಮಾ ಇಲ್ಲಿಗೇ ಬಂದು ಸಿಗಡಿ ಪೋ ಬಾಯ್ ತಿಂದರು.

ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಮುಷ್ಕರ ಅಂದ್ರೆ ನಾಳೆ ಬಸ್ಸಿಲ್ಲ, ಮನೆಯಿಂದಲೇ ಕೆಲಸ ಅನ್ನೋ ಸುದ್ದಿ. ಬಸ್ ಓಡಿಸೋನ ಮನೆಯಲ್ಲಿ ಇವತ್ತು ಏನು ಅಡುಗೆ ಅನ್ನೋ ಪ್ರಶ್ನೆ ನಮ್ಮ ತಲೆಗೆ ಬರೋದೇ ಅಪರೂಪ. ಆ ಇಬ್ಬರು ಕಂಡಕ್ಟರುಗಳಿಗೆ ಬಂದಿತ್ತು. ಅವರ ಕರುಣೆಯ ಮಾತೊಂದು ಇವತ್ತಿಗೂ ಅಲ್ಲಿನ ಮೆನು ಬೋರ್ಡುಗಳ ಮೇಲಿದೆ.

ನಿಮ್ಮೂರಿನ ತಿಂಡಿಯ ಹೆಸರೊಳಗೂ ಇಂಥ ಕಥೆ ಅಡಗಿದ್ದರೆ ಹೇಳಿ, ಕೇಳೋಣ...