ಕುಂದಗೋಳದ ಸಂಜೆ ಗಾಡಿ

ಮೂರು ತಿಂಗಳಿಂದ ನನ್ನ ತಂಬೂರಿ ಗವಸಿನೊಳಗೇ ಇದೆ. ಪ್ರತಿ ಯುಗಾದಿಗೆ ರಿಯಾಜಿನ ವೇಳಾಪಟ್ಟಿಯೊಂದನ್ನು ಬರೆದು ಗೋಡೆಗೆ ಅಂಟಿಸುವುದು, ದಸರೆಯ ಹೊತ್ತಿಗೆ ಅದು ಕಳಚಿ ಬೀಳುವುದು ನಮ್ಮ ಮನೆಯ ಸಂಪ್ರದಾಯವೇ ಆಗಿಬಿಟ್ಟಿದೆ. "ಟೈಮೇ ಸಿಗಲ್ಲ ಕಣ್ರೀ" ಅಂತ ಹೇಳಿ ಹೇಳಿ ನನಗೇ ಬೇಜಾರು. ಮೊನ್ನೆ ಹೀಗೇ ಗೊಣಗುತ್ತಿದ್ದಾಗ ನೆನಪಾದದ್ದು ಗಂಗೂಬಾಯಿ ಹಾನಗಲ್ಲರ ರೈಲು.

ಗಂಗೂಬಾಯಿ ಹುಟ್ಟಿದ್ದು 1913ರಲ್ಲಿ, ಧಾರವಾಡದಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳ ಹಿಂದೂಸ್ತಾನಿ ಕಲಿಕೆಗೆ ತೊಡಕಾಗಬಾರದೆಂದು ತಮ್ಮ ಹಾಡನ್ನೇ ನಿಲ್ಲಿಸಿದವರು ಅವರು. ಆ ತಾಯಿ 1932ರಲ್ಲಿ ತೀರಿಕೊಂಡರು. 1930ರ ದಶಕದ ಕೊನೆಯ ಹೊತ್ತಿಗೆ ಗಂಗೂಬಾಯಿಯವರಿಗೆ ಸಂಸಾರವಿತ್ತು, ಮಕ್ಕಳಿದ್ದರು, ಹಾಡಿಯೇ ಮನೆ ನಡೆಸಬೇಕಿತ್ತು. ಆಗಲೇ ಅವರ ಗ್ರಾಮಫೋನ್ ರೆಕಾರ್ಡುಗಳೂ ಬಂದಿದ್ದವು. "ಇನ್ನು ಕಲಿಯುವುದೇನಿದೆ?" ಎಂದು ಕೂತಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ.

ಅವರು ಮಾತ್ರ ಸಂಜೆಯ ಗಾಡಿ ಹತ್ತಿದರು!

ಅಬ್ದುಲ್ ಕರೀಂ ಖಾನರ ಶಿಷ್ಯರಾದ ಸವಾಯಿ ಗಂಧರ್ವರು (1886-1952) ನಾಟಕ ಕಂಪನಿಗಳ ತಿರುಗಾಟ ಮುಗಿಸಿ ಕುಂದಗೋಳದಲ್ಲಿ ನೆಲೆಸಿದ್ದ ಕಾಲ ಅದು. ಆಗ ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಊರು. ಹುಬ್ಬಳ್ಳಿಯಿಂದ ಸುಮಾರು 20 ಕಿ.ಮೀ. ದೂರ, ಮೀಟರ್ ಗೇಜ್ ಹಳಿ. ಸಂಜೆ ಹೋಗಿ, ಪಾಠ ಹೇಳಿಸಿಕೊಂಡು, ರಾತ್ರಿ ಗಾಡಿಗೆ ಮನೆಗೆ ವಾಪಸ್. ಸುಮಾರು ಮೂರು ವರ್ಷ ಹೀಗೆ ನಡೆಯಿತು. ಅದೇ ಗುರುಗಳ ಮನೆಯಲ್ಲಿದ್ದ ಹುಡುಗ ಭೀಮಸೇನ ಜೋಶಿ ಅವರನ್ನು ಸ್ಟೇಶನ್ನಿನವರೆಗೂ ಬಿಟ್ಟುಬರುತ್ತಿದ್ದರಂತೆ.

ಭೀಮಸೇನರ ದಿನಚರಿಯೂ ಸಾಮಾನ್ಯದ್ದಲ್ಲ. 1922ರಲ್ಲಿ ಹುಟ್ಟಿದ ಅವರು ಹನ್ನೊಂದರ ವಯಸ್ಸಿಗೇ ಸಂಗೀತ ಹುಡುಕಿಕೊಂಡು ಮನೆ ಬಿಟ್ಟು, ಉತ್ತರ ಭಾರತ ಸುತ್ತಿ, 1936ರ ಹೊತ್ತಿಗೆ ಕುಂದಗೋಳ ಸೇರಿದ್ದರು. ಗುರುಗಳ ಮನೆಗೆ ನೀರು ಹೊರುವುದೂ ಅವರ ಪಾಲಿನ ಕೆಲಸವೇ. ಪಾಠಕ್ಕೆ ಬಂದರೆ ಬೆಳಿಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ. ವರ್ಷಗಟ್ಟಲೆ ಮುಖ್ಯವಾಗಿ ಈ ಮೂರರ ಮೇಲೇ ಮೆಹನತ್ತು.

ಇದನ್ನು ಓದಿದಾಗಲೆಲ್ಲ "ಅಬ್ಬಾ, ಮೂರೇ ರಾಗ!" ಅನ್ನಿಸುತ್ತಿತ್ತು. ಈಗ ಬೇರೆಯೇ ಒಂದು ವಿಷಯ ಹೊಳೆಯುತ್ತಿದೆ. ಹಿಂದೂಸ್ತಾನಿ ಪದ್ಧತಿಯಲ್ಲಿ ಪ್ರತಿ ರಾಗಕ್ಕೂ ಒಂದು ಹೊತ್ತು ಇದೆಯಲ್ಲ, ಅಲ್ಲಿ ರಾಗವೇ ಗಡಿಯಾರ. ತೋಡಿಯನ್ನು ಆಮೇಲೆ ನೋಡಿಕೊಳ್ಳೋಣ ಅನ್ನುವಂತಿಲ್ಲ, ಬೆಳಗು ಹೋದರೆ ತೋಡಿಯೂ ಹೋಯಿತು. ಗಂಗೂಬಾಯಿಯವರ ರೈಲೂ ಅಷ್ಟೇ, ಒಲೆಯ ಮೇಲಿನ ಹಾಲು ಉಕ್ಕುತ್ತಿದೆ ಅಂತ ಕಾಯುತ್ತಿರಲಿಲ್ಲ.

ಇನ್ನೊಂದು ಮಾತು. ಸವಾಯಿ ಗಂಧರ್ವರು ಕಲಿಸುತ್ತಿದ್ದದ್ದು ಸ್ವಲ್ಪವೇ. ಜಿಪುಣ ಹಣ ಬಿಚ್ಚುವ ಹಾಗೆ ಒಂದೊಂದೇ ಸ್ವರವನ್ನು ಬಿಡಿಸಬೇಕು ಎಂಬುದು ಅವರ ಪಾಠವಾಗಿತ್ತೆಂದು ಗಂಗೂಬಾಯಿ ನೆನೆಯುತ್ತಿದ್ದರು. ಕೊಟ್ಟ ನಾಲ್ಕು ಪಲ್ಟಾಗಳನ್ನು ಮತ್ತೆ ಮತ್ತೆ ತಿರುವಿ ಹಾಕುವುದೇ ಶಿಷ್ಯರ ಕೆಲಸ. ಅಂದರೆ ಪಾಠದ ಹೊತ್ತು ಚಿಕ್ಕದು, ಅದು ತುಂಬಿಕೊಳ್ಳುತ್ತಿದ್ದದ್ದು ಇಡೀ ದಿನವನ್ನು.

1940ರ ದಶಕದ ಆರಂಭದಲ್ಲಿ ಗುರುಗಳಿಗೆ ಪಾರ್ಶ್ವವಾಯು ಬಡಿಯಿತು. ನಾಳೆ ಹೋದರಾಯಿತು ಅಂತ ಗಂಗೂಬಾಯಿ ಆ ಮೂರು ವರ್ಷಗಳನ್ನು ಮುಂದೂಡಿದ್ದರೆ? ಯೋಚಿಸಿದರೆ ಭಯವಾಗುತ್ತದೆ. ನಮ್ಮೂರ ಮೇಷ್ಟ್ರೊಬ್ಬರು ನನಗೆ ಅರ್ಧ ಹೇಳಿಕೊಟ್ಟಿದ್ದ ಭೀಮಪಲಾಸ್ ಅರ್ಧಕ್ಕೇ ನಿಂತಿದೆ. "ಬಾರೋ, ಮುಗಿಸೋಣ" ಅಂತ ಕರೆಯುತ್ತಲೇ ಇದ್ದರು. ನಾನು ರಜೆ ಹೊಂದಿಸಿಕೊಂಡು ಹೋಗುವಷ್ಟರಲ್ಲಿ ಅವರೇ ಇರಲಿಲ್ಲ.

ನಾನೇನೂ ಗಂಗೂಬಾಯಿ ಆಗುವುದಿಲ್ಲ ಬಿಡಿ. ಆದರೆ ಈ ಸಲ ಗೋಡೆಗೆ ವೇಳಾಪಟ್ಟಿ ಅಂಟಿಸಿಲ್ಲ. ಬೆಳಿಗ್ಗೆ ಆರಕ್ಕೆ ನನ್ನದೊಂದು ಗಾಡಿ ಹೊರಡುತ್ತದೆ ಅಂದುಕೊಂಡಿದ್ದೇನೆ, ಅರ್ಧ ಗಂಟೆಯ ಪ್ರಯಾಣ. ಏಳಕ್ಕೆ ಎದ್ದರೆ ಅವತ್ತಿನ ಗಾಡಿ ತಪ್ಪಿತು, ಅಷ್ಟೇ. ನಾಲ್ಕು ದಿನದಲ್ಲಿ ಒಮ್ಮೆ ತಪ್ಪಿದೆ. ತಂಬೂರಿ ಮಾತ್ರ ಗವಸಿನಿಂದ ಹೊರಗಿದೆ.

ನಿಮ್ಮ ಗಾಡಿ ಎಷ್ಟು ಗಂಟೆಗೆ?