ಮುಂಬಯಿ ಕ್ರಿಕೆಟಿನ ಪಟ್ಟ ಜಾರಿದ್ದೇಕೆ?

1958-59ರಿಂದ 1972-73ರವರೆಗೆ ಸತತ ಹದಿನೈದು ವರ್ಷ ರಣಜಿ ಟ್ರೋಫಿ ಮುಂಬಯಿಯ ಸೊತ್ತಾಗಿತ್ತು. 1971ರಲ್ಲಿ ಓವಲ್ ಮೈದಾನದಲ್ಲಿ ಇಂಗ್ಲೆಂಡನ್ನು ಮಣಿಸಿದ ಭಾರತದ ಹನ್ನೊಂದು ಮಂದಿಯಲ್ಲಿ ವಾಡೇಕರ್, ಗಾವಸ್ಕರ್, ಸರ್‌ದೇಸಾಯಿ, ಸೋಲ್ಕರ್, ಮಂಕಡ್, ಇಂಜಿನಿಯರ್ ಹೀಗೆ ಆರು ಮಂದಿ ಈ ನಗರದ ತಂಡದವರು. 38 ರನ್ನಿಗೆ 6 ವಿಕೆಟ್ ಕಿತ್ತು ಗೆಲುವಿಗೆ ದಾರಿ ಮಾಡಿದವರು ಮಾತ್ರ ನಮ್ಮ ಚಂದ್ರಶೇಖರ್.

ಮುಂಬಯಿಯ ಪಟ್ಟ ಕಳಚಿದ್ದೂ ನಮ್ಮವರಿಂದಲೇ. 1974ರಲ್ಲಿ ಬೆಂಗಳೂರಿನ ಸೆಮಿಫೈನಲಿನಲ್ಲಿ ಪ್ರಸನ್ನರ ಕರ್ನಾಟಕ ಮೊದಲ ಇನಿಂಗ್ಸಿನ ಮುನ್ನಡೆಯಿಂದ ಮುಂಬಯಿಯನ್ನು ಹೊರಗಟ್ಟಿ, ಮೊದಲ ಬಾರಿಗೆ ಟ್ರೋಫಿಯನ್ನೂ ಗೆದ್ದಿತು. ಹುಟ್ಟಿದ ನಾಡು ಒಂದೆಡೆ, ಅನ್ನವಿತ್ತ ನಗರ ಇನ್ನೊಂದೆಡೆ: ಮುಂಬಯಿ ಕನ್ನಡಿಗರಾದ ನಮಗದು ಧರ್ಮಸಂಕಟವೇ!

ಮುಂಬಯಿ ಆಮೇಲೂ ಗೆದ್ದಿದೆ. ಆದರೆ 2015-16ರ 41ನೆಯ ಗೆಲುವಿನ ನಂತರ 42ನೆಯದಕ್ಕೆ 2023-24ರವರೆಗೆ ಕಾಯಬೇಕಾಯಿತು.

ಕಾರಣವೇನು? 1983ರ ವಿಶ್ವಕಪ್ ಗೆಲುವು ಮತ್ತು ಟೆಲಿವಿಷನ್ ಆಟವನ್ನು ಊರೂರಿಗೆ ಒಯ್ದವು. ರಾಂಚಿಯಿಂದ ಧೋನಿ ಬಂದರು. ಇದು ಸಂತೋಷದ ಸಂಗತಿಯೇ. ಇನ್ನೊಂದು ಕಾರಣ ನಮ್ಮ ಮನೆಬಾಗಿಲಿನದು. 1948ರಲ್ಲಿ ಆರಂಭವಾದ ಕಾಂಗಾ ಲೀಗ್ ಮಳೆಗಾಲದ ಒದ್ದೆ ಪಿಚ್ಚಿನಲ್ಲಿ ಹುಡುಗರನ್ನು ಪಳಗಿಸಿತು. ಶಿವಾಜಿ ಪಾರ್ಕ್, ಆಜಾದ್ ಮೈದಾನ, ಕ್ರಾಸ್ ಮೈದಾನಗಳು ದಾದರಿನಿಂದ ದಕ್ಷಿಣಕ್ಕೇ ಉಳಿದವು. ಸಂಸಾರಗಳು ಡೊಂಬಿವಲಿ, ವಿರಾರ್‌ಗಳಿಗೆ ಸರಿದವು. ವಿರಾರ್‌ನ ಪೃಥ್ವಿ ಶಾ ಬಾಲ್ಯದಲ್ಲಿ ಅಷ್ಟು ದೂರದಿಂದ ಬಂದು ಆಡಿ ಬೆಳೆದರು. ಎಲ್ಲ ಮಕ್ಕಳಿಗೂ ಅದು ಸಾಧ್ಯವೇ?

ಉಪನಗರಗಳಲ್ಲಿ ಅಳಿದುಳಿದ ಬಯಲುಗಳನ್ನಾದರೂ ನಾವು ಕಟ್ಟಡಗಳಿಗೆ ಬಿಟ್ಟುಕೊಡಬಾರದು. ಮಕ್ಕಳಿಗೆ ಬ್ಯಾಟ್ ಕೊಡಿಸುವುದು ಸುಲಭ. ಆಡಲು ನೆಲ ಉಳಿಸಿಕೊಡುವುದೇ ಕಷ್ಟ.